ಓಗೊಡುವ ಯಂತ್ರ: ಜಾಲಸಂಪರ್ಕದ ಮೊದಲ ಪರೀಕ್ಷೆ

ವ್ಯಾಕರಣ, ಛಂದಸ್ಸುಗಳನ್ನು ಬೋಧಿಸುವ ಪಂಡಿತನಿಗೆ ಗಣಕಯಂತ್ರದ ಉಸಾಬರಿ ಏಕೆಂದು ಈ ಸ್ಮರಣ ಸಂಚಿಕೆಯ ವಾಚಕರಲ್ಲಿ ಕೆಲವರಿಗಾದರೂ ಅನ್ನಿಸದಿರದು. ನನ್ನನ್ನು ಈ ವಿಷಯದತ್ತ ಎಳೆದದ್ದು ಯಂತ್ರವಲ್ಲ, ಒಂದು ವಾಕ್ಯ. 'ನೆಟ್ ಇಲ್ಲ' ಎಂಬ ಈ ವಾಕ್ಯವನ್ನು ನಾವು ದಿನಕ್ಕೆ ಹತ್ತು ಸಲ ಕೇಳುತ್ತೇವೆ, ನಾವೂ ಆಡುತ್ತೇವೆ. ಕರ್ತೃವೂ ಕ್ರಿಯೆಯೂ ಇದ್ದು ಅರ್ಥ ಮಾತ್ರ ಪೂರ್ಣವಾಗದ ವಾಕ್ಯವಿದು. ಎಲ್ಲಿ ಇಲ್ಲ? ಎಲ್ಲಿಯವರೆಗೆ ಉಂಟು, ಎಲ್ಲಿಂದಾಚೆಗೆ ಇಲ್ಲ? ನಮ್ಮ ಕೊಠಡಿಯಲ್ಲಿಯೋ, ಊರಿನಲ್ಲಿಯೋ, ಬೆಂಗಳೂರಿನಲ್ಲಿಯೋ? ವಿದ್ಯಾರ್ಥಿವೇತನದ ಅರ್ಜಿ, ಪರೀಕ್ಷೆಯ ನೋಂದಣಿ, ಫಲಿತಾಂಶ ಎಲ್ಲವೂ ಜಾಲದ ಮೂಲಕವೇ ಸಾಗುವ ಈ ಕಾಲದಲ್ಲಿ, ಕಡೆಯ ದಿನದ ಸಂಜೆ ಈ ಎರಡು ಶಬ್ದಗಳನ್ನು ಕೇಳಿ ಮನೆಗೆ ಮರಳುವ ಬಡ ವಿದ್ಯಾರ್ಥಿಗೆ ಅದು ಒಂದು ವರ್ಷದ ನಷ್ಟವಾಗಿ ಪರಿಣಮಿಸಬಹುದು. ಆದುದರಿಂದ ಈ ವಾಕ್ಯವನ್ನು ಪೂರ್ಣಗೊಳಿಸುವ ವಿಧಾನವನ್ನು ಶಿಕ್ಷಕರಾದವರೆಲ್ಲ ತಿಳಿದಿರಬೇಕೆಂಬುದು ನನ್ನ ಅಭಿಪ್ರಾಯ. ಆ ವಿಧಾನ ಅತ್ಯಂತ ಸರಳವಾದುದು. ಅದಕ್ಕೆ 'ಪಿಂಗ್' ಎಂದು ಹೆಸರು.

ಮೊದಲು ಶಬ್ದವಿಚಾರ. ಜಲಾಂತರ್ಗಾಮಿ ನೌಕೆಗಳು ನೀರಿನೊಳಗೆ ಒಂದು ಚಿಕ್ಕ ನಾದವನ್ನು ಬಿಟ್ಟು, ಅದು ಎದುರಿನ ವಸ್ತುವಿಗೆ ತಾಗಿ ಮರಳುವ ಹೊತ್ತನ್ನು ಅಳೆದು ದೂರವನ್ನು ನಿರ್ಣಯಿಸುತ್ತವೆ. ಕತ್ತಲಲ್ಲಿ ಹಾರುವ ಬಾವಲಿಯ ಉಪಾಯವೂ ಇದೇ. ಸೋನಾರ್ ಎನಿಸಿಕೊಳ್ಳುವ ಈ ಏರ್ಪಾಡಿನ ನಾದವು ಕಿವಿಗೆ 'ಪಿಂಗ್' ಎಂದು ಕೇಳುತ್ತದೆ. ನಮ್ಮ ವ್ಯಾಕರಣದಲ್ಲಿ ದಗದಗ, ಚಟಚಟ, ಸರಸರ ಮೊದಲಾದವು ಅನುಕರಣಾವ್ಯಯಗಳೆನಿಸಿವೆ. ಕೇಶಿರಾಜನಿಗೆ ಈ ಶಬ್ದ ದೊರೆತಿದ್ದರೆ ಯಾವ ಗುಂಪಿಗೆ ಸೇರಿಸುತ್ತಿದ್ದನೆಂಬುದರಲ್ಲಿ ಸಂಶಯವಿಲ್ಲ. ಇಂಗ್ಲಿಷಿನ ಕೆಲವು ಪದಗಳ ಅಕ್ಷರಗಳಿಂದ ಈ ಹೆಸರು ಹುಟ್ಟಿತೆಂದು ಹೇಳುವವರೂ ಉಂಟು. ಅದು ಹೆಸರು ಬಂದ ಮೇಲೆ ಕಟ್ಟಿದ ವ್ಯುತ್ಪತ್ತಿ. ಸ್ಥಳನಾಮಗಳಿಗೆ ಪುರಾಣ ಕಟ್ಟುವ ನಮ್ಮ ಅಭ್ಯಾಸ ಅಲ್ಲಿಯೂ ಇದೆಯೆಂದು ತೋರುತ್ತದೆ. ಹಳಗನ್ನಡದಲ್ಲಿ 'ಪಿಂಗು' ಎಂಬ ಧಾತುವಿದೆ. ಹಿಂದೆ ಸರಿ, ಅಗಲು ಎಂದು ಅದರ ಅರ್ಥ. ಪಕಾರವು ಹಕಾರವಾಗಿ ಈಗ 'ಹಿಂಗು' ಎಂದಾಗಿದೆ. ಹೋದ ಕರೆ ಹಿಂದಕ್ಕೆ ಬರುವುದರಿಂದ ಇದೇ ಮೂಲವೆಂದು ಯಾರಾದರೂ ಅಭಿಮಾನದಿಂದ ಸಾಧಿಸಹೊರಟರೆ ನಂಬಬೇಕಾಗಿಲ್ಲ. ಅದು ಬರಿಯ ಧ್ವನಿಸಾಮ್ಯ.

ಈ ಪರೀಕ್ಷಾವಿಧಾನವನ್ನು ರಚಿಸಿದವರು ಅಮೆರಿಕದ ಮೈಕ್ ಮೂಸ್. ಮೇರಿಲ್ಯಾಂಡ್ ಸಂಸ್ಥಾನದ ಅಬರ್ಡೀನಿನಲ್ಲಿದ್ದ ಸೈನ್ಯದ ಬ್ಯಾಲಿಸ್ಟಿಕ್ ಸಂಶೋಧನ ಪ್ರಯೋಗಾಲಯದಲ್ಲಿ ಅವರು ಕೆಲಸದಲ್ಲಿದ್ದರು. 1983ರ ಡಿಸೆಂಬರಿನಲ್ಲಿ ಅಲ್ಲಿಯ ಜಾಲವು ವಿಚಿತ್ರವಾಗಿ ವರ್ತಿಸತೊಡಗಿತು. ಕರೆ ಕಳುಹಿಸಿ ಮರುದನಿ ಬರುವ ಕಾಲವನ್ನು ಅಳೆಯಬಹುದೆಂದು ಡೇವಿಡ್ ಮಿಲ್ಸ್ ಎಂಬ ವಿದ್ವಾಂಸರು ಅದೇ ವರ್ಷ ಆಡಿದ್ದ ಮಾತು ನೆನಪಾಗಿ, ಮೂಸ್ ಅವರು ಕುಳಿತ ಒಂದೇ ರಾತ್ರಿಯಲ್ಲಿ ಈ ಕಾರ್ಯಕ್ರಮವನ್ನು ಬರೆದು, ಬೆಳಗಾಗುವುದರೊಳಗೆ ಮುಗಿಸಿದರು. ತಮಾಷೆಯೆಂದರೆ, ಅವರ ಮೊದಲ ಕರೆ ಹೊರಡುವ ಮುನ್ನವೇ ಸಹೋದ್ಯೋಗಿಯೊಬ್ಬರು ಯಂತ್ರದ ದೋಷವನ್ನು ಕಂಡುಹಿಡಿದು ಸರಿಪಡಿಸಿಬಿಟ್ಟಿದ್ದರು. ಮೂಸ್ 2000ರಲ್ಲಿ ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ರಾತ್ರಿಯ ಬರವಣಿಗೆಯ ಸಂತತಿ ಮಾತ್ರ ಇಂದು ಪ್ರಪಂಚದ ಬಹುತೇಕ ಎಲ್ಲ ಗಣಕಯಂತ್ರಗಳಲ್ಲಿಯೂ ಇದೆ; ನಮ್ಮ ಶಾಲೆಗಳ ಯಂತ್ರಗಳಲ್ಲಿಯೂ ಇದೆ.

ಇನ್ನು ಅದು ಕೆಲಸ ಮಾಡುವ ಬಗೆ. ಕನ್ನಡದಲ್ಲಿ 'ಓಗೊಡು' ಎಂಬ ಸೊಗಸಾದ ಕ್ರಿಯಾಪದವಿದೆ. ಓ ಎಂದು ಉತ್ತರ ಕೊಡುವುದೇ ಓಗೊಡುವುದು. ಓ ಮತ್ತು ಕೊಡು ಸೇರಿ, ಕಕಾರಕ್ಕೆ ಗಕಾರವು ಆದೇಶವಾಗಿ ಬಂದಿದೆ. ಪಿಂಗ್ ಪರೀಕ್ಷೆಯ ಸಮಸ್ತವೂ ಈ ಒಂದು ಪದದಲ್ಲಿದೆ. ನಮ್ಮ ಯಂತ್ರವು ದೂರದ ಯಂತ್ರವನ್ನು ಕರೆಯುತ್ತದೆ, ಅದು ಓಗೊಡುತ್ತದೆ, ನಡುವಣ ಕಾಲವನ್ನು ನಮ್ಮ ಯಂತ್ರ ಅಳೆಯುತ್ತದೆ. ಆದರೆ ಕಲ್ಲುಬಂಡೆಗೆ ಎದುರಾಗಿ ಕೂಗಿದಾಗ ಬರುವ ಮರುದನಿಗೂ ಇದಕ್ಕೂ ಒಂದು ಭೇದವನ್ನು ವಾಚಕರು ಗಮನಿಸಬೇಕು. ಬಂಡೆಯು ತಾನಾಗಿ ಏನನ್ನೂ ಮಾಡುವುದಿಲ್ಲ. ಧ್ವನಿ ತಾಗಿ ಮರಳುತ್ತದೆ, ಅಷ್ಟೆ. ಇಲ್ಲಿಯಾದರೋ ದೂರದ ಯಂತ್ರವು ಕರೆಯನ್ನು ಬಿಚ್ಚಿ ಓದಿ, 'ಇದು ನನ್ನ ಹೆಸರಿಗೆ ಬಂದದ್ದು' ಎಂದು ಅರಿತು, ಹೊಸದಾಗಿ ಉತ್ತರ ಬರೆದು ಕಳುಹಿಸುತ್ತದೆ. ಉತ್ತರ ಬಂದಿತೆಂದರೆ ಹೋಗುವ ದಾರಿ, ಆ ಯಂತ್ರ, ಬರುವ ದಾರಿ ಮೂರೂ ಸರಿಯಿವೆಯೆಂದು ಸಿದ್ಧವಾಯಿತು.

ಜಾಲದಲ್ಲಿರುವ ಪ್ರತಿಯೊಂದು ಯಂತ್ರಕ್ಕೂ ಅಂಕೆಗಳ ವಿಳಾಸವಿರುತ್ತದೆ. ಈಗಲೂ ಹೆಚ್ಚಾಗಿ ಬಳಕೆಯಲ್ಲಿರುವ ಪದ್ಧತಿಯಲ್ಲಿ ಇದು ನಾಲ್ಕು ಸಂಖ್ಯೆಗಳ ಗುಂಪು. ಪ್ರತಿ ಸಂಖ್ಯೆಯೂ 0ಯಿಂದ 255ರ ಒಳಗೆ. ಕರೆಯು ಒಂದು ಚಿಕ್ಕ ಲಕೋಟೆ ಎಂದುಕೊಳ್ಳೋಣ. ಅದರ ಮೇಲೆ ಕಳುಹಿಸಿದವರ ವಿಳಾಸ, ಸೇರಬೇಕಾದ ವಿಳಾಸ. ಒಳಗೆ 'ಇದು ಕರೆ' ಎಂದು ಸೂಚಿಸುವ 8 ಎಂಬ ಅಂಕೆ, ಕರೆಯ ಗುರುತು, ಕ್ರಮಸಂಖ್ಯೆ, ಆಮೇಲೆ ಒಂದಿಷ್ಟು ಅಕ್ಷರಗಳು. ಉತ್ತರದ ಲಕೋಟೆಯಲ್ಲಿ 8ರ ಸ್ಥಾನದಲ್ಲಿ 0 ಇರುತ್ತದೆ. ಉಳಿದ ಗುರುತು, ಕ್ರಮಸಂಖ್ಯೆ, ಅಕ್ಷರಗಳು ಹೇಗೆ ಹೋದವೋ ಹಾಗೆಯೇ ಮರಳಬೇಕು. ಈ ನಿಯಮಗಳನ್ನು ಜಾನ್ ಪೋಸ್ಟೆಲ್ ಅವರು 1981ರ ಸೆಪ್ಟೆಂಬರಿನಲ್ಲಿ ಪ್ರಕಟಿಸಿದ ಐ.ಸಿ.ಎಂ.ಪಿ. ಎಂಬ ನಿಯಮಾವಳಿಯಲ್ಲಿ ನೋಡಬಹುದು.

ಲಕೋಟೆಯೊಳಗಿನ ಆ ಅಕ್ಷರಗಳು ಯಾವುವೆಂಬ ಕುತೂಹಲ ನನಗಿತ್ತು. ವಿಂಡೋಸ್ ಯಂತ್ರಗಳಲ್ಲಿ ಅವು ಇಂಗ್ಲಿಷ್ ವರ್ಣಮಾಲೆಯೇ! ಎ, ಬಿ, ಸಿ ಎಂದು ಡಬ್ಲ್ಯೂವರೆಗೆ 23 ಅಕ್ಷರ, ಮತ್ತೆ ಮೊದಲಿನಿಂದ ಐವರೆಗೆ 9, ಒಟ್ಟು 32. ಎಕ್ಸ್, ವೈ, ಝಡ್‌ಗಳು ಮಾಡಿದ ಅಪರಾಧವೇನೋ ತಿಳಿಯದು. ಅನುಷ್ಟುಪ್ ಶ್ಲೋಕಕ್ಕೂ 32 ಅಕ್ಷರಗಳೇ. ನಮ್ಮ ಲಿಪಿಕಾರರು ಓಲೆಗರಿಯ ಪ್ರತಿಗಳ ಗಾತ್ರವನ್ನು ಅಳೆಯುತ್ತಿದ್ದುದು 32 ಅಕ್ಷರಗಳ 'ಗ್ರಂಥ'ವೆಂಬ ಮಾನದಿಂದ. ಇದು ಕಾಕತಾಳೀಯ, ಸಂದೇಹವಿಲ್ಲ. ಆದರೆ ಎಣಿಕೆಯಿಂದ ಪಾಠವನ್ನು ಕಾಯುವ ಬುದ್ಧಿ ಇಲ್ಲಿಯೂ ಇದೆ: ಲಕೋಟೆಯೊಳಗಿನ ಅಂಕೆಗಳನ್ನೆಲ್ಲ ಕೂಡಿಸಿ ಬಂದ ಮೊತ್ತದಿಂದ ಒಂದು ತಾಳೆಸಂಖ್ಯೆಯನ್ನು ಬರೆದಿರುತ್ತಾರೆ. ತಲುಪಿದ ಯಂತ್ರವು ಪುನಃ ಕೂಡಿಸಿ ನೋಡುತ್ತದೆ. ತಾಳೆಯಾಗದಿದ್ದರೆ ದಾರಿಯಲ್ಲಿ ಪಾಠ ಕೆಟ್ಟಿದೆಯೆಂದು ಅದನ್ನು ಎಸೆದುಬಿಡುತ್ತದೆ.

ಮಾಡುವ ಕ್ರಮ ಸುಲಭ. ವಿಂಡೋಸ್ ಯಂತ್ರದಲ್ಲಿ 'ಕಮಾಂಡ್ ಪ್ರಾಂಪ್ಟ್' ಎಂಬ ಕಪ್ಪು ಕಿಟಕಿಯನ್ನು ತೆರೆದು ಪಿ, ಐ, ಎನ್, ಜಿ ಎಂಬ ನಾಲ್ಕು ಅಕ್ಷರಗಳನ್ನು ಒತ್ತಿ, ಸ್ವಲ್ಪ ಜಾಗ ಬಿಟ್ಟು, ಬೇಕಾದ ವಿಳಾಸವನ್ನು ಬರೆದು ಎಂಟರ್ ಕೀಲಿಯನ್ನು ಒತ್ತಿದರಾಯಿತು. ಯಂತ್ರವು ನಾಲ್ಕು ಸಲ ಕರೆದು, ಪ್ರತಿ ಕರೆಗೂ ಒಂದೊಂದು ಸಾಲು ಬರೆದು, ಕೊನೆಗೆ ಎಷ್ಟು ಹೋದವು, ಎಷ್ಟು ಬಂದವು, ಎಷ್ಟು ಕಳೆದವು ಎಂದು ಲೆಕ್ಕ ಒಪ್ಪಿಸುತ್ತದೆ. ಲಿನಕ್ಸ್ ಯಂತ್ರವು ನಾವು ಸಾಕೆನ್ನುವವರೆಗೂ ಕರೆಯುತ್ತಲೇ ಇರುತ್ತದೆ.

ಆ ಸಾಲುಗಳಲ್ಲಿ ಓದಬೇಕಾದ ಅಂಕೆಗಳು ಮುಖ್ಯವಾಗಿ ಎರಡು. ಒಂದನೆಯದು ಕಾಲ, ಮಿಲಿಸೆಕೆಂಡುಗಳಲ್ಲಿ. ಗಾಜಿನ ಎಳೆಯೊಳಗೆ ಬೆಳಕು ಸೆಕೆಂಡಿಗೆ ಸುಮಾರು 2 ಲಕ್ಷ ಕಿಲೋಮೀಟರ್ ಸಾಗುತ್ತದೆ. ಕಲ್ಲೋಳಿಯಿಂದ ಬೆಂಗಳೂರಿಗೆ ಎಳೆಯ ದಾರಿ 600 ಕಿಲೋಮೀಟರೆಂದು ಹಿಡಿದರೂ, ಹೋಗಿಬರುವ 1,200 ಕಿಲೋಮೀಟರಿಗೆ 6 ಮಿಲಿಸೆಕೆಂಡು ಸಾಕು. ವಾಸ್ತವದಲ್ಲಿ ಅದಕ್ಕಿಂತ ಹೆಚ್ಚು ಬರುತ್ತದೆ. ಎಳೆಗಳು ನೇರವಾಗಿ ಹೋಗುವುದಿಲ್ಲ. ನಡುನಡುವೆ ಸಂದೇಶಗಳು ಸರದಿಯಲ್ಲಿ ನಿಲ್ಲಬೇಕಾಗುತ್ತದೆ. ಭೂಸ್ಥಿರ ಉಪಗ್ರಹದ ಮೂಲಕ ಜಾಲ ಪಡೆದವರ ಸ್ಥಿತಿ ಬೇರೆ. ಹಾಸನದ ಮುಖ್ಯ ನಿಯಂತ್ರಣ ಕೇಂದ್ರವು 1982ರಿಂದ ನೋಡಿಕೊಳ್ಳುತ್ತ ಬಂದಿರುವ ಆ ಬಗೆಯ ಉಪಗ್ರಹಗಳು ಸುಮಾರು 36,000 ಕಿಲೋಮೀಟರ್ ಎತ್ತರದಲ್ಲಿವೆ. ಕರೆ ಏರಿ ಇಳಿಯಬೇಕು, ಉತ್ತರ ಏರಿ ಇಳಿಯಬೇಕು. ಒಟ್ಟು 1,44,000 ಕಿಲೋಮೀಟರ್. ಶೂನ್ಯಾಕಾಶದಲ್ಲಿ ಬೆಳಕಿನ ವೇಗವು ಸೆಕೆಂಡಿಗೆ 3 ಲಕ್ಷ ಕಿಲೋಮೀಟರಾದ್ದರಿಂದ ಸುಮಾರು ಅರ್ಧ ಸೆಕೆಂಡು ಆಗಿಯೇ ತೀರುತ್ತದೆ. ಎಷ್ಟು ಹಣ ಸುರಿದರೂ ಆ ಅರ್ಧ ಸೆಕೆಂಡನ್ನು ಕಡಿಮೆ ಮಾಡಲು ಸಾಧ್ಯವಿಲ್ಲ. ಪ್ರಕೃತಿಯ ನಿಯಮದ ಮುಂದೆ ದೂರು ಕೊಟ್ಟು ಫಲವೇನು?

ಎರಡನೆಯದು ಟಿ.ಟಿ.ಎಲ್. ಎಂಬ ಅಂಕೆ, 'ಆಯುಷ್ಯ' ಎಂದು ಕರೆಯಲು ಅಡ್ಡಿಯಿಲ್ಲ. ಪ್ರತಿಯೊಂದು ಲಕೋಟೆಗೂ ಹುಟ್ಟುವಾಗಲೇ ಆಯುಷ್ಯವನ್ನು ಬರೆದಿರುತ್ತಾರೆ: ಸಾಮಾನ್ಯವಾಗಿ ಲಿನಕ್ಸ್ ಯಂತ್ರಗಳಲ್ಲಿ 64, ವಿಂಡೋಸ್ ಯಂತ್ರಗಳಲ್ಲಿ 128. ದಾರಿಯ ಕೂಡುರಸ್ತೆಗಳಲ್ಲಿ ಕುಳಿತು ಮುಂದಿನ ಮಾರ್ಗ ತೋರಿಸುವ ರೂಟರುಗಳು ಒಂದೊಂದೂ ಅದರಿಂದ ಒಂದನ್ನು ಕಳೆಯುತ್ತವೆ. ಶೂನ್ಯವಾದೊಡನೆ ಲಕೋಟೆಯನ್ನು ಎಸೆದು, ಕಳುಹಿಸಿದವನಿಗೆ ತಿಳಿಸುತ್ತವೆ. ಈ ಕಟ್ಟುಪಾಡು ಇಲ್ಲದಿದ್ದರೆ ದಾರಿತಪ್ಪಿದ ಲಕೋಟೆಗಳು ಪ್ರೇತಗಳಂತೆ ಕೊನೆಯಿಲ್ಲದೆ ಸುತ್ತುತ್ತ ಜಾಲವನ್ನೇ ಮುಚ್ಚಿಬಿಡುತ್ತಿದ್ದವು. ಮರಳಿದ ಉತ್ತರದಲ್ಲಿ 54 ಎಂದಿದ್ದು, ಅದು 64ರಿಂದ ಹೊರಟಿತೆಂದು ಹಿಡಿದರೆ, ಬರುವಾಗ ಹತ್ತು ರೂಟರುಗಳನ್ನು ದಾಟಿ ಬಂದಿದೆಯೆಂದು ಊಹಿಸಬಹುದು.

ಇಷ್ಟರವರೆಗೆ ಹೇಳಿದ್ದು ಉತ್ತರ ಬಂದಾಗಿನ ಮಾತು. ಉತ್ತರ ಬಾರದಿದ್ದರೆ? ಇಲ್ಲಿಯೇ ವಿಚಾರ ಸೂಕ್ಷ್ಮವಾಗುತ್ತದೆ. ನಮ್ಮವರು ಎಡವುವುದೂ ಇಲ್ಲಿಯೇ.

ವಿಂಡೋಸ್ ಯಂತ್ರವು ಪ್ರತಿ ಕರೆಗೂ ಸುಮಾರು 4 ಸೆಕೆಂಡು ಕಾಯುತ್ತದೆ. ಆಮೇಲೆ 'ಕಾಲ ಮೀರಿತು' ಎಂಬ ಅರ್ಥದ ಸಾಲನ್ನು ಬರೆಯುತ್ತದೆ. ಅದು ಹೇಳುವುದು ಅಷ್ಟನ್ನೇ. ಆ ಕಡೆಯ ಯಂತ್ರ ಕೆಟ್ಟಿದೆಯೆಂದು ಅದು ಹೇಳುವುದಿಲ್ಲ, ನಾವು ಹೇಳಿಕೊಳ್ಳುತ್ತೇವೆ. ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಇಸ್ರೋದ 32 ಮೀಟರ್ ವ್ಯಾಸದ ದೊಡ್ಡ ಆಂಟೆನಾ ಇದೆ. 2014ರ ಸೆಪ್ಟೆಂಬರ್ 24ರಂದು ಮಂಗಳಯಾನ ನೌಕೆಯು ಮಂಗಳಗ್ರಹದ ಕಕ್ಷೆಯನ್ನು ಸೇರಿದಾಗ ಅಲ್ಲಿಂದ ಭೂಮಿಗೆ ಸಂಕೇತ ಬರಲು 12 ನಿಮಿಷಗಳಿಗೂ ಹೆಚ್ಚು ಕಾಲ ಬೇಕಾಗಿತ್ತು. ನಾಲ್ಕೇ ಸೆಕೆಂಡು ತಾಳ್ಮೆಯುಳ್ಳ ಯಂತ್ರವನ್ನು ಅಲ್ಲಿ ಕೂರಿಸಿದ್ದರೆ ಅದು ಮಂಗಳಯಾನವನ್ನು ಇಲ್ಲವೆಂದೇ ಬರೆಯುತ್ತಿತ್ತು. ಮೌನಕ್ಕೆ ದೂರವೂ ಕಾರಣವಾಗಬಹುದು. ಸರದಿ ಬಹಳವಾಗಿರುವುದೂ ಕಾರಣವಾಗಬಹುದು. ಕರೆ ತಲುಪಿ, ಉತ್ತರ ಹೊರಟು, ಮರಳುವ ದಾರಿಯಲ್ಲಿ ಕಳೆದುಹೋಗಿರಬಹುದು. ಎಲ್ಲಕ್ಕಿಂತ ಮುಖ್ಯವಾಗಿ, ಆ ಯಂತ್ರದ ಬಾಗಿಲಿನಲ್ಲಿ 'ಫೈರ್‌ವಾಲ್' ಎಂಬ ಕಾವಲುಗಾರನಿದ್ದು, ಇಂತಹ ಕರೆಗಳಿಗೆ ಓಗೊಡಕೂಡದೆಂದು ಅವನಿಗೆ ಅಪ್ಪಣೆಯಾಗಿರಬಹುದು. 1990ರ ದಶಕದ ಕೊನೆಯಲ್ಲಿ ಕಿಡಿಗೇಡಿಗಳು ಅಳತೆಮೀರಿದ ಪಿಂಗ್ ಲಕೋಟೆಗಳನ್ನು ಕಳುಹಿಸಿ ಯಂತ್ರಗಳನ್ನು ಕೆಡಹುತ್ತಿದ್ದರು. ಅಂದಿನಿಂದ ಅನೇಕರು ಈ ಬಾಗಿಲನ್ನು ಮುಚ್ಚಿಯೇ ಇಟ್ಟಿದ್ದಾರೆ. ಒಳಗೆ ಕೆಲಸ ಸಾಂಗವಾಗಿ ನಡೆದಿರುತ್ತದೆ. ಕರೆದರೆ ಮಾತ್ರ ಮೌನ.

ಇದಕ್ಕೆ ವಿರುದ್ಧವಾದ ಭ್ರಮೆಯೂ ಉಂಟು: ಓಗೊಟ್ಟಿತು, ಆದ್ದರಿಂದ ಎಲ್ಲವೂ ಸರಿಯಿದೆ ಎಂಬುದು. ತರಗತಿಯಲ್ಲಿ ಹಾಜರಿ ತೆಗೆದುಕೊಳ್ಳುವಾಗ ಹೆಸರು ಕರೆದರೆ ಹುಡುಗನು 'ಹಾಜರ್ ಸರ್' ಎನ್ನುತ್ತಾನೆ. ಅವನು ಬೆಂಚಿನ ಮೇಲಿದ್ದಾನೆಂದು ಅದರಿಂದ ತಿಳಿಯಿತೇ ಹೊರತು, ಪಾಠ ಓದಿದ್ದಾನೆಂದು ತಿಳಿಯಲಿಲ್ಲ. ಗಣಕಯಂತ್ರದಲ್ಲಿಯೂ ಪಿಂಗಿಗೆ ಉತ್ತರಿಸುವ ಭಾಗ ಬೇರೆ, ಅರ್ಜಿಯನ್ನು ಸ್ವೀಕರಿಸುವ ಭಾಗ ಬೇರೆ. ಎರಡನೆಯದು ನಿಂತುಹೋಗಿದ್ದರೂ ಮೊದಲನೆಯದು 'ಹಾಜರ್' ಎನ್ನುತ್ತಲೇ ಇರಬಹುದು.

ಈ ಎರಡೂ ಭ್ರಮೆಗಳಿಗೆ ಒಂದೇ ಉದಾಹರಣೆ ನಮ್ಮ ದೇಶದ ಇತಿಹಾಸದಲ್ಲಿಯೇ ದೊರೆತಿದೆ. ಚಂದ್ರಯಾನ-3ರ ವಿಕ್ರಮ ನೌಕೆಯು 2023ರ ಆಗಸ್ಟ್ 23ರಂದು ಚಂದ್ರನ ಮೇಲಿಳಿಯಿತು. ಒಂದು ಚಾಂದ್ರಹಗಲಿನ, ಎಂದರೆ ನಮ್ಮ ಸುಮಾರು 14 ದಿನಗಳ ಕೆಲಸಕ್ಕಾಗಿ ಅದನ್ನು ಕಟ್ಟಲಾಗಿತ್ತು. ರಾತ್ರಿ ಸಮೀಪಿಸಿದಾಗ, ಸೆಪ್ಟೆಂಬರ್ 4ರಂದು, ಅದನ್ನು ನಿದ್ರಾಸ್ಥಿತಿಯಲ್ಲಿರಿಸಿದರು. ಮರಳಿ ಸೂರ್ಯ ಮೂಡಿದ ಮೇಲೆ ವಿಕ್ರಮನನ್ನೂ ಪ್ರಜ್ಞಾನ್ ಬಂಡಿಯನ್ನೂ ಎಚ್ಚರಿಸಲು ಯತ್ನಿಸಿದ್ದಾಗಿಯೂ, ಸಂಕೇತವೇನೂ ಬಂದಿಲ್ಲವೆಂದೂ, ಯತ್ನ ಮುಂದುವರಿಯುವುದೆಂದೂ ಇಸ್ರೋ ಸೆಪ್ಟೆಂಬರ್ 22ರಂದು ಪ್ರಕಟಿಸಿತು. ಆ ಪ್ರಕಟಣೆಯ ಭಾಷೆಯನ್ನು ನಾನು ಮೆಚ್ಚಿಕೊಂಡೆ. ನೌಕೆ ಸತ್ತಿದೆಯೆಂದು ಅವರು ಹೇಳಲಿಲ್ಲ, ಸಂಕೇತ ಬಂದಿಲ್ಲವೆಂದರು. ಕಂಡದ್ದಕ್ಕಿಂತ ಒಂದಕ್ಷರ ಹೆಚ್ಚಿಗೆ ಹೇಳದ ವಾಕ್ಯವದು. ಆಮೇಲೂ ವಿಕ್ರಮನು ಓಗೊಡಲಿಲ್ಲ. ಆದರೆ ಅದರ ಮೈಮೇಲೆ ಅಮೆರಿಕದ ನಾಸಾದವರು ಕೊಟ್ಟ, ಸುಮಾರು 5 ಸೆಂಟಿಮೀಟರ್ ಅಗಲದ, ಎಂಟು ಸ್ಫಟಿಕಗಳ ಒಂದು ಪ್ರತಿಫಲಕವಿತ್ತು. 2023ರ ಡಿಸೆಂಬರಿನಲ್ಲಿ ಚಂದ್ರನನ್ನು ಸುತ್ತುತ್ತಿದ್ದ ನಾಸಾದ ಎಲ್.ಆರ್.ಓ. ನೌಕೆಯು 100 ಕಿಲೋಮೀಟರ್ ದೂರದಿಂದ ಅದರತ್ತ ಲೇಸರ್ ಕಿರಣವನ್ನು ಬೀರಿತು. ಕಿರಣವು ಪ್ರತಿಫಲಿಸಿ ಮರಳಿ ಬಂದಿತು! ರೇಡಿಯೋ ಕರೆಗೆ ಮೌನವಾಗಿದ್ದ ನೌಕೆಯಿಂದ ಬೆಳಕಿನ ಕರೆಗೆ ಉತ್ತರ ದೊರೆಯಿತು. ಅದರಿಂದ ವಿಕ್ರಮನು ಎಚ್ಚತ್ತನೆಂದು ಅರ್ಥವೇ? ಅಲ್ಲ. ಆ ಸ್ಫಟಿಕಕ್ಕೆ ವಿದ್ಯುತ್ತು ಬೇಡ, ಎಚ್ಚರ ಬೇಡ. ಅದು ನಾನು ಮೇಲೆ ಹೇಳಿದ ಬಂಡೆಯ ಮರುದನಿ. ನೌಕೆ ಇರುವ ತಾಣವನ್ನು ಮಾತ್ರ ಹೇಳಿತು. ಯಾವ ಕರೆಗೆ ಯಾವ ಉತ್ತರ ಬಂದಿತು, ಆ ಉತ್ತರವನ್ನು ಕೊಟ್ಟವರು ಯಾರು ಎಂಬುದನ್ನು ಕೇಳದೆ ನಿರ್ಣಯ ಮಾಡಬಾರದು.

ಹಾಗಾದರೆ ಮೌನವನ್ನು ಬಿಡಿಸುವುದು ಹೇಗೆ? ಈ ವಿದ್ಯೆ ನಮ್ಮ ಭಾಗದ ರೈತರಿಗೆ ಗೊತ್ತು. ಘಟಪ್ರಭಾ ಎಡದಂಡೆ ಕಾಲುವೆಯ ತುದಿಯಲ್ಲಿ ಹೊಲವಿರುವವನು, ನೀರು ಬರಲಿಲ್ಲವೆಂದೊಡನೆ ಹಿಡಕಲ್ ಅಣೆಕಟ್ಟಿಗೆ ಓಡುವುದಿಲ್ಲ. ಮೊದಲು ತನ್ನ ಹೊಲದ ಬದುವನ್ನು ನೋಡುತ್ತಾನೆ. ಅನಂತರ ಹೊಲಗಾಲುವೆ, ಅನಂತರ ಉಪಕಾಲುವೆಯ ಬಾಗಿಲು, ಅನಂತರ ಮುಖ್ಯ ಕಾಲುವೆ. ಎಲ್ಲಿಯವರೆಗೆ ನೀರಿದೆ, ಎಲ್ಲಿಂದ ಇಲ್ಲ ಎಂಬ ಸಂಧಿಯನ್ನು ಕಂಡುಹಿಡಿದರೆ ದೋಷ ಅಲ್ಲಿಯೇ ಸಿಕ್ಕಿತು. ಪಿಂಗನ್ನೂ ಹೀಗೆಯೇ ಹತ್ತಿರದಿಂದ ದೂರಕ್ಕೆ ನಡೆಸಬೇಕು. ಮೊದಲ ಕರೆ 127.0.0.1 ಎಂಬ ವಿಳಾಸಕ್ಕೆ. ಇದು ಪ್ರತಿ ಯಂತ್ರವೂ ತನ್ನನ್ನು ತಾನೇ ಕರೆದುಕೊಳ್ಳುವ ವಿಳಾಸ; ಇದಕ್ಕೆ ಓಗೊಡದಿದ್ದರೆ ದೋಷ ಆ ಯಂತ್ರದೊಳಗೇ ಇದೆ. ಎರಡನೆಯದು ಶಾಲೆಯ ರೂಟರಿಗೆ; ಅನೇಕ ಕಡೆ ಅದರ ವಿಳಾಸ 192.168.1.1. ಮೂರನೆಯದು ಹೊರಗಿನ ಪ್ರಸಿದ್ಧವಾದ ಒಂದು ವಿಳಾಸಕ್ಕೆ. ಗೂಗಲ್ ಸಂಸ್ಥೆಯ 8.8.8.8 ಎಂಬುದು ನೆನಪಿಡಲು ಸುಲಭ. ನಾಲ್ಕನೆಯದು ಅಂಕೆಗೆ ಬದಲಾಗಿ ಹೆಸರಿನಿಂದ ಕರೆಯುವುದು. ಅಂಕೆಗೆ ಓಗೊಟ್ಟು, ಆ ಹೆಸರು ಸಿಗಲಿಲ್ಲವೆಂದು ನಮ್ಮ ಯಂತ್ರವೇ ಹೇಳಿದರೆ, ದಾರಿ ಸರಿಯಿದೆ. ಹೆಸರನ್ನು ಅಂಕೆಯಾಗಿ ಮಾರ್ಪಡಿಸುವ ನಿಘಂಟಿನಲ್ಲಿ, ಎಂದರೆ ಡಿ.ಎನ್.ಎಸ್. ಎಂಬ ವ್ಯವಸ್ಥೆಯಲ್ಲಿ, ತೊಡಕಿದೆ.

ನಾನು ಪ್ರತ್ಯಕ್ಷ ಕಂಡ ಒಂದು ಪ್ರಸಂಗವನ್ನು ಇಲ್ಲಿ ಹೇಳಬಹುದು. ಶಾಲೆ ಯಾವುದೆಂಬುದು ಅನಗತ್ಯ. ವಿದ್ಯಾರ್ಥಿವೇತನದ ಅರ್ಜಿಗೆ ಅದು ಕೊನೆಯ ದಿನ. ಹುಡುಗಿಯೊಬ್ಬಳ ತಂದೆ ಕೂಲಿ ಬಿಟ್ಟು ಬಂದು ಮಧ್ಯಾಹ್ನದಿಂದ ಕಾಯುತ್ತಿದ್ದರು. ಗುಮಾಸ್ತರು, "ಸರ್ವರ್ ಡೌನ್ ಐತ್ರಿ ಯಜಮಾನ್ರ, ನಾವೇನ್ ಮಾಡಾಕ ಬರೂದಿಲ್ಲ" ಎಂದು ಕೈಯೊದರಿದರು. ಅಲ್ಲಿಗೆ ಬಂದ ತರುಣ ಶಿಕ್ಷಕರೊಬ್ಬರು ಮಾತನಾಡದೆ ಕುಳಿತು ನಾಲ್ಕು ಕರೆಗಳನ್ನು ಆರಂಭಿಸಿದರು. ತನ್ನ ಯಂತ್ರ ಓಗೊಟ್ಟಿತು. ಪಕ್ಕದ ಮೇಜಿನ ಯಂತ್ರವೂ ಓಗೊಟ್ಟಿತು. ರೂಟರನ್ನು ಕರೆದಾಗ 'ಗಮ್ಯಸ್ಥಾನವನ್ನು ತಲುಪಲಾಗದು' ಎಂಬ ಅರ್ಥದ ಉತ್ತರ ಬಂದಿತು. ಉತ್ತರಿಸಿದವನ ವಿಳಾಸ ನೋಡಿದರೆ ಅದು ತನ್ನದೇ ಯಂತ್ರ! ಎಂದರೆ ಕರೆ ಕೊಠಡಿಯನ್ನೇ ದಾಟಿರಲಿಲ್ಲ. ಹುಡುಕಿದರೆ, ಗೋಡೆಯ ಮೇಲಿನ ಸ್ವಿಚ್ ಪೆಟ್ಟಿಗೆಯಿಂದ ರೂಟರಿಗೆ ಹೋಗುವ ತಂತಿಯ ಮೇಲೆ ಹೊಸ ಕಪಾಟಿನ ಕಾಲು ಕುಳಿತಿತ್ತು. ಬೇರೆ ತಂತಿ ಹಾಕಿದರು. ಕತ್ತಲಾಗುವ ಮುನ್ನ ಅರ್ಜಿ ಹೋಯಿತು. ದೂರದ ಸರ್ವರಿನ ಮೇಲೆ ಹೊರಿಸಿದ ಅಪವಾದವೆಲ್ಲ ಒಂದು ಕಪಾಟಿನ ಕಾಲಿನದಾಗಿತ್ತು.

ನಮ್ಮ ವಿದ್ಯಾಸಂಸ್ಥೆಗಳಿಗೆ ಗಣಕಯಂತ್ರಗಳನ್ನು ದಾನವಾಗಿ ಕೊಡುವ ಮಹನೀಯರು ಅನೇಕರಿದ್ದಾರೆ; ಹಳೆಯ ವಿದ್ಯಾರ್ಥಿಗಳೂ ಕೈಜೋಡಿಸುತ್ತಾರೆ. ಯಂತ್ರದೊಡನೆ ಎರಡು ಹೆಚ್ಚುವರಿ ತಂತಿಗಳನ್ನೂ ಒಂದು ದಪ್ಪನೆಯ ವಹಿಯನ್ನೂ ಕೊಡಬೇಕೆಂದು ಅವರಲ್ಲಿ ನನ್ನ ವಿನಂತಿ. ತಂತಿ ಏಕೆಂಬುದನ್ನು ಮೇಲೆ ಹೇಳಿದ್ದೇನೆ. ವಹಿ ಏಕೆಂದರೆ, ನಿರೋಗಿಯಾಗಿದ್ದಾಗ ನಾಡಿ ಹೇಗಿತ್ತೆಂದು ತಿಳಿಯದ ವೈದ್ಯನಿಗೆ ರೋಗದ ನಾಡಿ ಅರ್ಥವಾಗುವುದು ಕಷ್ಟ. ದಿನವೂ ಬೆಳಿಗ್ಗೆ ಪ್ರಾರ್ಥನೆಗೆ ಮುನ್ನ ಒಂಬತ್ತನೆಯ ತರಗತಿಯ ಒಬ್ಬ ಹುಡುಗನೋ ಹುಡುಗಿಯೋ ಆ ನಾಲ್ಕು ಕರೆಗಳನ್ನು ಮಾಡಿ, ತಾರೀಖು, ವೇಳೆ, ಬಂದ ಮಿಲಿಸೆಕೆಂಡು, ಕಳೆದುಹೋದ ಕರೆಗಳ ಸಂಖ್ಯೆ ಇಷ್ಟನ್ನು ಕನ್ನಡದಲ್ಲಿ ಬರೆದಿಡಲಿ. ಐದು ನಿಮಿಷದ ಕೆಲಸ. ಜಾಲವನ್ನು ಒದಗಿಸುವ ಕಚೇರಿಗೆ ದೂರು ಕೊಡುವಾಗಲೂ 'ನೆಟ್ ಇಲ್ಲ' ಎಂಬುದಕ್ಕಿಂತ, 'ಸೋಮವಾರ 10 ಗಂಟೆಯಿಂದ ನಮ್ಮ ರೂಟರು ಓಗೊಡುತ್ತಿದೆ, ಅದರಾಚೆಗೆ ನಾಲ್ಕು ಕರೆಗಳಲ್ಲಿ ಮೂರು ಕಳೆಯುತ್ತಿವೆ' ಎಂಬ ಮಾತಿಗೆ ತೂಕ ಹೆಚ್ಚು. ವಹಿಯ ಮೊದಲ ಪುಟದಲ್ಲಿ ರೂಟರಿನ ವಿಳಾಸವನ್ನು ದೊಡ್ಡ ಅಕ್ಷರಗಳಲ್ಲಿ ಬರೆದಿರಬೇಕು. ಆ ವಿಳಾಸವು ರೂಟರಿನ ಬೆನ್ನಿಗೋ ಅಡಿಗೋ ಅಂಟಿಸಿದ ಚೀಟಿಯಲ್ಲಿ ಸಾಮಾನ್ಯವಾಗಿ ಅಚ್ಚಾಗಿರುತ್ತದೆ.